ಗ್ಲಾಸ್ ಮಾತ್ರ ಒಡೆದಿದೆ, ಡಿಸ್‌ಪ್ಲೇ ಪೂರ್ತಿ ಯಾಕೆ ಬದಲಿಸಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಗೊರಿಲ್ಲಾ ಗ್ಲಾಸ್ ಇರುವ ಫೋನು, ಹಿಂದೆ ಎಷ್ಟೋ ಸಲ ಬಿದ್ದರೂ ಏನೂ ಆಗಿರಲಿಲ್ಲ. ಮೊನ್ನೆ ಸೊಂಟದೆತ್ತರದಿಂದ ಬಿದ್ದದ್ದಕ್ಕೇ ಮೂಲೆಯಿಂದ ಬಿರುಕು ಬಿಟ್ಟಿದೆ, ಯಾಕೆ? ಇದು ಒಂದು. ಚಿತ್ರ ಚೆನ್ನಾಗಿ ಕಾಣುತ್ತಿದೆ, ಟಚ್ ಕೆಲಸ ಮಾಡುತ್ತಿದೆ. ಆದರೂ ಸರ್ವಿಸ್ ಸೆಂಟರಿನವರು 24 ಸಾವಿರದ ಫೋನಿಗೆ 11 ಸಾವಿರ ಕೇಳಿದ್ದಾರೆ, ಬರೀ ಗ್ಲಾಸ್ ಹಾಕಿಸಲು ಆಗುವುದಿಲ್ಲವೇ? ಇದು ಇನ್ನೊಂದು.

ನಾನು ಹಾಸನದಲ್ಲಿ 11 ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಈ ಪ್ರಶ್ನೆ ದಿನಕ್ಕೆ ಎರಡು ಸಲವಾದರೂ ಕೌಂಟರಿಗೆ ಬರುತ್ತದೆ. ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಬಿಡಿಸಿ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಮುಂದೆ ಓದುವುದು ಆಮೇಲಾದರೂ ಪರವಾಗಿಲ್ಲ. ಫೋಟೋ, ಕಾಂಟ್ಯಾಕ್ಟ್, ವಾಟ್ಸಾಪ್ ಎಲ್ಲವನ್ನೂ ಈಗಲೇ ಬ್ಯಾಕಪ್ ಮಾಡಿ. ಅದು ಮುಗಿಯುವವರೆಗೆ ಫೋನನ್ನು ಸ್ವಿಚ್ ಆಫ್ ಮಾಡಬೇಡಿ. ಆಫ್ ಆಗಿ ಮತ್ತೆ ಆನ್ ಆದಾಗ ಫೋನು ಬೆರಳಚ್ಚು ಒಪ್ಪುವುದಿಲ್ಲ, ಪಿನ್ ಕೇಳುತ್ತದೆ. ಅಷ್ಟರಲ್ಲಿ ಟಚ್ ಹೋಗಿದ್ದರೆ ಪಿನ್ ಒತ್ತುವುದು ಹೇಗೆ? ಪಿನ್ ಒತ್ತುವವರೆಗೆ ತಾನಾಗಿ ನಡೆಯುವ ಬ್ಯಾಕಪ್ ಕೂಡ ಶುರುವಾಗುವುದಿಲ್ಲ. ಟಚ್ ಹೋಗಿ ಚಿತ್ರ ಮಾತ್ರ ಉಳಿದರೆ ಒಂದು ಓಟಿಜಿ ಕನೆಕ್ಟರ್‌ಗೆ (ಫೋನಿನ ಚಾರ್ಜಿಂಗ್ ಜಾಗಕ್ಕೆ ಯುಎಸ್‌ಬಿ ವಸ್ತು ಸೇರಿಸುವ ಸಣ್ಣ ಕೊಂಡಿ) ಕಂಪ್ಯೂಟರ್ ಮೌಸ್ ಸಿಕ್ಕಿಸಿ. ಪರದೆ ಮೇಲೆ ಬಾಣದ ಗುರುತು ಬರುತ್ತದೆ, ಅದರಲ್ಲೇ ಎಲ್ಲಾ ಕೆಲಸ ಮಾಡಬಹುದು. ಕೆಲವು ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿ ಆನ್ ಮಾಡಬೇಕಾಗುತ್ತದೆ. ಟಚ್ ಇರುವಾಗಲೇ ಅದನ್ನು ಆನ್ ಮಾಡಿಟ್ಟುಕೊಳ್ಳಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೋದ ವರ್ಷ ಚನ್ನರಾಯಪಟ್ಟಣದ ಕಡೆಯಿಂದ ಒಬ್ಬರು ಅಮ್ಮ ಬಂದಿದ್ದರು. ಫೋನು ಬಿದ್ದು ನಾಲ್ಕು ದಿನ ಚೆನ್ನಾಗಿಯೇ ಇತ್ತಂತೆ. ಐದನೇ ದಿನ ಬೆಳಗ್ಗೆ ಪರದೆ ಕಪ್ಪಾಗಿದೆ. ತೀರಿಹೋದ ಯಜಮಾನರ ಫೋಟೋ ಪೂರ್ತಿ ಅದರಲ್ಲೇ ಇತ್ತು. ಆ ಫೋಟೋಗೋಸ್ಕರವೇ ಡಿಸ್‌ಪ್ಲೇ ಹಾಕಿಸಿದರು. ಅಷ್ಟು ಹಣ ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆ ನಾಲ್ಕು ದಿನದಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಈಗ ಗ್ಲಾಸಿನ ಮಾತು. ಗೊರಿಲ್ಲಾ ಗ್ಲಾಸ್ ಮಾಡುವುದು ಅಮೆರಿಕದ ಕಾರ್ನಿಂಗ್ ಕಂಪನಿ. ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಬಿಸಿಯಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದುತ್ತಾರೆ. ಗಾಜಿನೊಳಗಿನ ಸಣ್ಣ ಸೋಡಿಯಂ ಕಣಗಳು ಹೊರಗೆ ಬರುತ್ತವೆ. ಅವು ಬಿಟ್ಟ ಜಾಗಕ್ಕೆ ದಪ್ಪನೆಯ ಪೊಟ್ಯಾಸಿಯಂ ಕಣಗಳು ನುಗ್ಗುತ್ತವೆ. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂತ ಹಾಗೆ. ಮೇಲ್ಪದರ ಒಳಗೊಳಗೇ ಒತ್ತಿಕೊಂಡು ಬಿಗಿಯಾಗಿರುತ್ತದೆ. ಗಾಜಿಗೆ ಒತ್ತಡ ತಡೆಯುವ ಶಕ್ತಿ ಇದೆ, ಎಳೆತ ತಡೆಯುವ ಶಕ್ತಿ ಇಲ್ಲ. ಬಿರುಕು ಬಾಯಿ ಬಿಡಬೇಕಾದರೆ ಈ ಬಿಗಿಯನ್ನು ಮೊದಲು ದಾಟಬೇಕು. ಗಟ್ಟಿತನ ಬಂದಿರುವುದು ಅಲ್ಲಿಂದ.

ಆದರೆ ಆ ಬಿಗಿ ಪದರ ಹೆಚ್ಚುಕಡಿಮೆ ಒಂದು ಕೂದಲಿನಷ್ಟು ದಪ್ಪ, ಅಷ್ಟೇ. ಅದನ್ನು ದಾಟಿ ಒಂದು ಗೀರು ಇಳಿದರೆ ಬಿರುಕಿಗೆ ಬಾಗಿಲು ತೆರೆದಂತೆ. ಕೀಲಿ ಕೈ, ನಾಣ್ಯ ಸಾಮಾನ್ಯವಾಗಿ ಅಂಥ ಗೀರು ಹಾಕುವುದಿಲ್ಲ, ಅವು ಗಾಜಿಗಿಂತ ಮೆತ್ತಗೆ. ಗೀರು ಹಾಕುವುದು ಮರಳು. ಮರಳಿನಲ್ಲಿರುವ ಬೆಣಚು ಕಲ್ಲಿನ ಪುಡಿ ಗಾಜಿಗಿಂತ ಗಟ್ಟಿ. ನನ್ನ ಅಂಗಡಿಗೆ ಬರುವ ಗಾರೆ ಕೆಲಸದವರ ಫೋನು ನೋಡಿದರೆ ಇದು ಗೊತ್ತಾಗುತ್ತದೆ. ದಿನವಿಡೀ ಎಂ ಸ್ಯಾಂಡ್ ಧೂಳು ಮೆತ್ತಿದ ಜೇಬಿನಲ್ಲಿ ಫೋನು ಉಜ್ಜುತ್ತಿರುತ್ತದೆ. ಬಿಸಿಲಿಗೆ ಹಿಡಿದರೆ ಗ್ಲಾಸ್ ತುಂಬಾ ಕೂದಲೆಳೆಯಂಥ ಗೀರು. ಅಂಥ ಫೋನು ಕುರ್ಚಿಯಿಂದ ಜಾರಿದರೂ ಸೀಳುತ್ತದೆ. ಹೊಸದರಲ್ಲಿ ಅದೇ ಫೋನು ಮೆಟ್ಟಿಲ ಮೇಲಿಂದ ಬಿದ್ದು ಉಳಿದಿರುತ್ತದೆ. ನಿಮ್ಮ ಫೋನು ಮೊದಲೆಲ್ಲ ಉಳಿದಿದ್ದು, ಮೊನ್ನೆ ಒಡೆದದ್ದು ಬಹುಶಃ ಇದೇ ರೀತಿ. ಪ್ರತಿ ಸಲ ಬಿದ್ದಾಗಲೂ ಗಾಯ ಆಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಬಿದ್ದ ನೆಲವೂ ಮುಖ್ಯ. ಕಾರ್ನಿಂಗ್‌ನವರೇ 2020ರಲ್ಲಿ ವಿಕ್ಟಸ್ ಗ್ಲಾಸ್ ತಂದಾಗ, ಗಟ್ಟಿಯಾದ ಒರಟು ನೆಲದ ಮೇಲೆ 2 ಮೀಟರ್ ಎತ್ತರದ ತನಕ ತಡೆಯುತ್ತದೆ ಅಂದರು. 2022ರಲ್ಲಿ ವಿಕ್ಟಸ್ 2 ಬಂದಾಗ ಕಾಂಕ್ರೀಟಿನಂಥ ನೆಲದ ಮೇಲೆ 1 ಮೀಟರ್ ಅಂದರು. ಗ್ಲಾಸು ಸುಧಾರಿಸಿತ್ತು, ಆದರೂ ಲೆಕ್ಕ ಅರ್ಧಕ್ಕೆ ಇಳಿಯಿತು. ನೆಲ ಬೇರೆ ಆಗಿತ್ತು, ಅದಕ್ಕೆ. ನಮ್ಮ ರಸ್ತೆ, ಅಂಗಳ, ತಾರಸಿ ಎಲ್ಲಾ ಕಾಂಕ್ರೀಟೇ ಅಲ್ವಾ? ಮೇಲಾಗಿ ಫೋನು ಚಪ್ಪಟೆಯಾಗಿ ಬಿದ್ದರೆ ಏಟು ಹರಡಿಹೋಗುತ್ತದೆ. ಮೂಲೆ ತಗುಲಿದರೆ ಪೂರ್ತಿ ಏಟು ಒಂದೇ ಚುಕ್ಕಿಯ ಮೇಲೆ. ನಾನು ನೋಡಿರುವ ಬಿರುಕುಗಳಲ್ಲಿ ಹೆಚ್ಚಿನವು ಮೂಲೆಯಿಂದ ಶುರುವಾದವು.

ಇನ್ನು ಎರಡನೆಯ ಪ್ರಶ್ನೆ. ನಿಜವಾದ ತೊಂದರೆ ಇರುವುದು ಇಲ್ಲಿ.

ನಾನು ಕೆಲಸ ಕಲಿಯುವಾಗ ಬರುತ್ತಿದ್ದ ಎಷ್ಟೋ ಫೋನುಗಳಲ್ಲಿ ಟಚ್ ಬೇರೆ, ಡಿಸ್‌ಪ್ಲೇ ಬೇರೆ. ನಡುವೆ ಗಾಳಿ ಇರುತ್ತಿತ್ತು. ಗ್ಲಾಸ್ ಒಡೆದರೆ ಟಚ್ ಗ್ಲಾಸ್ ಮಾತ್ರ ಕಿತ್ತು ಹೊಸದು ಹಾಕುತ್ತಿದ್ದೆವು. ಕಡಿಮೆ ದುಡ್ಡಿನ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಈಗ ಗ್ಲಾಸನ್ನು ಡಿಸ್‌ಪ್ಲೇ ಮೇಲೆ ಪಾರದರ್ಶಕ ಅಂಟಿನಿಂದ ಕೂರಿಸಿರುತ್ತಾರೆ. ನಾವು ಅದಕ್ಕೆ ಓಸಿಎ ಅನ್ನುತ್ತೇವೆ. ಇದರಿಂದ ಲಾಭವಿಲ್ಲ ಅನ್ನಲಾರೆ. ಗಾಳಿಯ ಪದರ ಹೋದರೆ ಬಿಸಿಲಿನಲ್ಲಿ ಪರದೆ ಚೆನ್ನಾಗಿ ಕಾಣುತ್ತದೆ, ಫೋನೂ ತೆಳ್ಳಗಾಗುತ್ತದೆ. ಆದರೆ ಒಡೆದಾಗ ಎರಡೂ ಸೇರಿ ಒಂದೇ ವಸ್ತು. ಅದಕ್ಕೇ ಮಾರ್ಕೆಟ್ಟಿನಲ್ಲಿ ಕಾಂಬೋ ಅಂತಲೇ ಕರೆಯುತ್ತಾರೆ. ಸರ್ವಿಸ್ ಸೆಂಟರಿನವರ ಹತ್ತಿರ ಬರೀ ಗ್ಲಾಸ್ ಅನ್ನುವ ಪಾರ್ಟೇ ಇರುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ಕಾಂಬೋ ಫ್ರೇಮ್ ಸಮೇತ ಬರುತ್ತದೆ. 11 ಸಾವಿರ ಆಗುವುದು ಹೀಗೆ. ಒಡೆದದ್ದು ಅದರೊಳಗಿನ ಅತಿ ಅಗ್ಗದ ಪದರ, ನೀವು ದುಡ್ಡು ಕೊಡುವುದು ಉಳಿದ ಎಲ್ಲಾ ಪದರಕ್ಕೆ. ಇದು ನನಗೆ ಸರಿ ಕಾಣುವುದಿಲ್ಲ, 11 ವರ್ಷವಾದರೂ ಅಭ್ಯಾಸವಾಗಿಲ್ಲ.

ಬರೀ ಗ್ಲಾಸ್ ಬದಲಿಸುವುದು ಆಗುತ್ತದೆ. ಗ್ಲಾಸ್ ಚೇಂಜ್, ಓಸಿಎ ಕೆಲಸ ಅಂತ ಕೇಳಿದರೆ ಗೊತ್ತಿರುವವರು ಹೇಳುತ್ತಾರೆ. ಡಿಸ್‌ಪ್ಲೇಯನ್ನು ಬಿಸಿ ಪ್ಲೇಟಿನ ಮೇಲಿಟ್ಟು ಅಂಟು ಮೆತ್ತಗಾಗುವವರೆಗೆ ಕಾಯಬೇಕು. ಆಮೇಲೆ ಕೂದಲಿಗಿಂತ ಸ್ವಲ್ಪ ದಪ್ಪದ ಲೋಹದ ತಂತಿಯನ್ನು ಗ್ಲಾಸಿಗೂ ಡಿಸ್‌ಪ್ಲೇಗೂ ನಡುವೆ ಹಾಕಿ ಗರಗಸದ ಹಾಗೆ ಎಳೆಯುತ್ತಾ ಹೋಗಬೇಕು. ಗ್ಲಾಸ್ ಬಿಟ್ಟ ಮೇಲೆ ಉಳಿದ ಅಂಟನ್ನು ಬೆರಳಿನಿಂದ ಉಜ್ಜಿ ಉಜ್ಜಿ ತೆಗೆಯಬೇಕು. ಒಂದು ಧೂಳಿನ ಕಣವೂ ಇರಬಾರದು. ಹೊಸ ಅಂಟಿನ ಹಾಳೆ, ಹೊಸ ಗ್ಲಾಸ್ ಇಟ್ಟು ಗಾಳಿ ಎಳೆಯುವ ಮೆಷಿನ್ನಿನಲ್ಲಿ ಒತ್ತಬೇಕು. ಗುಳ್ಳೆ ಉಳಿದರೆ ಅದನ್ನು ತೆಗೆಯಲು ಇನ್ನೊಂದು ಮೆಷಿನ್. ಹಿಂದಿನಿಂದ ಬೆಳಕು ಬೀಳುವ ಹಳೇ ಎಲ್‌ಸಿಡಿ ಪರದೆ ಆದರೆ ಅದಕ್ಕೂ ಹಿಂದೆ ಗಾಜೇ ಇರುತ್ತದೆ, ಇಷ್ಟೆಲ್ಲಾ ತಡೆಯುತ್ತದೆ. ತಾನೇ ಬೆಳಗುವ ಎಷ್ಟೋ ಅಮೋಲೆಡ್ ಪರದೆಗಳಲ್ಲಿ, ಅದರಲ್ಲೂ ಅಂಚು ಬಾಗಿದ ಪರದೆಯಲ್ಲಿ, ಕೆಳಗಿರುವುದು ತೆಳ್ಳನೆ ಪ್ಲಾಸ್ಟಿಕ್ ಹಾಳೆಯಂಥದ್ದು. ತಂತಿ ಒಂದಿಷ್ಟು ಕೆಳಗೆ ಜಾರಿದರೂ ಮುಗಿಯಿತು. ಇದಕ್ಕೇ ಕೆಲವರು ಬಿಸಿ ಬಿಟ್ಟು, ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ ತಣ್ಣಗೆ ಮಾಡಿ ಅಂಟು ಬಿಡಿಸುವ ಮೆಷಿನ್ ಇಟ್ಟುಕೊಂಡಿದ್ದಾರೆ. ನನ್ನ ಹತ್ತಿರ ಅದು ಇಲ್ಲ.

ಕೆಲಸ ಗೊತ್ತಿದ್ದರೂ ಇದು ಕೈಕೊಡುತ್ತದೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗನ ಬಾಗಿದ ಪರದೆಯ ಫೋನು ತೆಗೆದುಕೊಂಡೆ. ಆಗ ಡಿಸ್‌ಪ್ಲೇ ಪೂರ್ತಿ ಚೆನ್ನಾಗಿತ್ತು. ತಂತಿ ಕೊನೆಯ ಅಂಚಿಗೆ ಬಂದಾಗ ಒಂದು ಹಸಿರು ಗೆರೆ ಎದ್ದಿತು, ಮೇಲಿಂದ ಕೆಳಗೆ. ಆ ಗೆರೆ ಮತ್ತೆ ಹೋಗಲಿಲ್ಲ. ಹೊಸ ಡಿಸ್‌ಪ್ಲೇ ನನ್ನ ಕೈಯಿಂದ ಹಾಕಿಕೊಟ್ಟೆ, ಎರಡು ವಾರದ ದುಡಿಮೆ ಹೋಯಿತು. ಆವತ್ತಿನಿಂದ ಬಾಗಿದ ಪರದೆಯ ಗ್ಲಾಸ್ ಕೆಲಸ ನಾನು ಮುಟ್ಟುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಕಡೆ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ, ಅಲ್ಲಿಗೆ ಹೋಗಿ ಅನ್ನುತ್ತೇನೆ. ಎಲ್ಲಿಗೇ ಹೋದರೂ ಒಂದು ಮಾತು ಮೊದಲೇ ಕೇಳಿ: ಬಿಡಿಸುವಾಗ ಡಿಸ್‌ಪ್ಲೇ ಹೋದರೆ ಯಾರ ಜವಾಬ್ದಾರಿ? ಚೀಟಿಯಲ್ಲಿ ಬರೆದುಕೊಡುತ್ತೀರಾ? ಬರೆದುಕೊಡಲು ಹಿಂದೆಮುಂದೆ ನೋಡಿದರೆ ಫೋನು ವಾಪಸ್ ತೆಗೆದುಕೊಂಡು ಬನ್ನಿ.

ಅರ್ಧ ಬೆಲೆಗೆ ಕಾಂಬೋ ಹಾಕಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಅದು ತಪ್ಪಲ್ಲ, ಆದರೆ ಏನು ಹಾಕುತ್ತಾರೆ ಅಂತ ತಿಳಿದುಕೊಳ್ಳಿ. ನಿಮ್ಮದು ಅಮೋಲೆಡ್, ಬೆರಳಚ್ಚು ಪರದೆಯ ಕೆಳಗೆ ಅಂತ ಬರೆದಿದ್ದೀರಿ. ಅಗ್ಗದ ಕಾಪಿ ಕಾಂಬೋ ಹೆಚ್ಚಾಗಿ ಎಲ್‌ಸಿಡಿ ಜಾತಿಯದು. ಅದರ ಹಿಂದೆ ಬೆಳಕಿನ ಪದರ ಇರುತ್ತದೆ, ಬೆರಳಚ್ಚು ಓದುವ ಸೆನ್ಸರ್‌ಗೆ ಅದು ಅಡ್ಡ. ಹಾಗಾಗಿ ಬೆರಳಚ್ಚು ಕೆಲಸ ಮಾಡುವುದಿಲ್ಲ. ದಪ್ಪವೂ ಜಾಸ್ತಿ, ಪರದೆ ಅಂಚಿನಲ್ಲಿ ಎದ್ದು ನಿಂತಿರುತ್ತದೆ. ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ. ಅಮೋಲೆಡ್ ಜಾತಿಯದೇ ಆದ ಓಲೆಡ್ ಕಾಪಿಯೂ ಇದೆ, ಅದು ಇದಕ್ಕಿಂತ ವಾಸಿ. ಬಿಲ್ಲಿನಲ್ಲಿ ಒರಿಜಿನಲ್, ಓಲೆಡ್, ಎಲ್‌ಸಿಡಿ ಇವುಗಳಲ್ಲಿ ಯಾವುದು ಅಂತ ಬರೆಸಿಕೊಳ್ಳಿ. ಅಂಟು ಹಾಕಿ ಮುಚ್ಚುವ ಮೊದಲೇ ಡಿಸ್‌ಪ್ಲೇ ಸಿಕ್ಕಿಸಿ ತೋರಿಸಲು ಹೇಳಿ. ನಾವೆಲ್ಲ ಹಾಗೆ ಪರೀಕ್ಷೆ ಮಾಡಿಯೇ ಅಂಟಿಸುವುದು, ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಒರಿಜಿನಲ್ ಹಾಕಿದರೂ ಕೆಲವು ಕಂಪನಿಗಳು ಬಿಡುವುದಿಲ್ಲ. 2021ರಲ್ಲಿ ಐಫೋನ್ 13 ಬಂದಾಗ ಹೊರಗಿನವರು ಪರದೆ ಬದಲಿಸಿದರೆ ಮುಖ ನೋಡಿ ಲಾಕ್ ತೆಗೆಯುವ ಫೇಸ್ ಐಡಿ ನಿಂತುಹೋಗುತ್ತಿತ್ತು. ಹಳೇ ಪರದೆಯ ಒಂದು ಸಣ್ಣ ಚಿಪ್ ಕಿತ್ತು ಹೊಸದಕ್ಕೆ ಬೆಸುಗೆ ಹಾಕಬೇಕಿತ್ತು. ಜನ ಗಲಾಟೆ ಮಾಡಿದ ಮೇಲೆ ಆಪಲ್ ಅದನ್ನು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಸರಿ ಮಾಡಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಕೊಡಬೇಕು, ಸಾಮಾನ್ಯ ಫೋನು ಪರೀಕ್ಷೆಯಲ್ಲಿ 45 ಸಲ ಬಿದ್ದರೂ ಕೆಲಸ ಮಾಡಬೇಕು ಅಂತ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಒಂದು ಪೋರ್ಟಲ್ ಕೂಡ ತೆರೆಯಿತು. ಹಾಸನದ ನನ್ನಂಥವರ ಕೈಗೆ ಒರಿಜಿನಲ್ ಪಾರ್ಟ್ ನೇರವಾಗಿ, ನ್ಯಾಯವಾದ ಬೆಲೆಗೆ ಬರುವಂತಾಗಬೇಕು. ನಾನು ಕಾಯುತ್ತಿರುವುದು ಅದಕ್ಕೆ.

ನಿಮ್ಮ ಫೋನಿಗೆ ಬರುತ್ತೇನೆ. ಪರದೆ ಚಪ್ಪಟೆ, ಚಿತ್ರ ಸರಿಯಿದೆ, ಟಚ್ ಸರಿಯಿದೆ. ನಾನಾಗಿದ್ದರೆ ಈ ವಾರ 11 ಸಾವಿರ ಕೊಡುತ್ತಿರಲಿಲ್ಲ. ಬಿರುಕಿನ ಮೇಲೆ ಅಗಲವಾದ ಪಾರದರ್ಶಕ ಟೇಪ್ ಅಂಟಿಸಿ, ಚೂರು ಕೆನ್ನೆಗೆ ಬೆರಳಿಗೆ ಚುಚ್ಚದಿರಲಿ. ಮಳೆಗೆ, ಅಡುಗೆಮನೆಯ ಹಬೆಗೆ ಒಡ್ಡಬೇಡಿ. ಬಾಕ್ಸಿನ ಮೇಲೆ ವಾಟರ್‌ಪ್ರೂಫ್ ಅಂತ ಇದ್ದರೂ ಒಡೆದ ಮೇಲೆ ಅದು ಲೆಕ್ಕಕ್ಕಿಲ್ಲ. ಅಂಚು ಎದ್ದಿರುವ ಒಂದು ಬ್ಯಾಕ್ ಕೇಸ್ ಹಾಕಿ. ಟೆಂಪರ್ಡ್ ಗ್ಲಾಸ್ ಮುಖ್ಯವಾಗಿ ಗೀರಿನಿಂದ ಕಾಪಾಡುತ್ತದೆ, ಬಿದ್ದಾಗ ಮೂಲೆಯನ್ನು ಕಾಪಾಡುವುದು ಕೇಸ್. ನೀರಿನಂಥ ಅಂಟು ಸುರಿದು ನೀಲಿ ಬೆಳಕು ಹಿಡಿದು ಕೂರಿಸುವ ಯುವಿ ಟೆಂಪರ್ಡ್ ಗ್ಲಾಸ್ ಮಾತ್ರ ಈಗ ಬೇಡವೇ ಬೇಡ. ಆ ಅಂಟು ಬಿರುಕಿನೊಳಗೆ, ಸ್ಪೀಕರಿನೊಳಗೆ ಇಳಿಯುತ್ತದೆ, ಆಮೇಲೆ ಗ್ಲಾಸ್ ಬಿಡಿಸುವುದು ಇನ್ನೂ ಕಷ್ಟ.

ದಿನಾ ರಾತ್ರಿ ಒಂದು ಬಿಳಿ ಫೋಟೋ ಪೂರ್ತಿ ಪರದೆಗೆ ತೆರೆದು ಒಡೆದ ಮೂಲೆಯನ್ನು ನೋಡಿ. ಕಪ್ಪು ಅಥವಾ ನೇರಳೆ ಚುಕ್ಕಿ ಕಂಡರೆ ಬಿರುಕು ಒಳಗಿನ ಪದರಕ್ಕೆ ಮುಟ್ಟಿದೆ ಅಂತ ಅರ್ಥ. ಅಮೋಲೆಡ್‌ನೊಳಗಿನ ವಸ್ತು ಗಾಳಿ, ತೇವ ತಾಗಿದರೆ ಸಾಯುತ್ತದೆ, ಆ ಚುಕ್ಕಿ ದಿನದಿನಕ್ಕೆ ಹರಡುತ್ತದೆ. ಆಗ ಗ್ಲಾಸ್ ಚೇಂಜ್ ಮಾತೇ ಇಲ್ಲ, ಕಾಂಬೋನೇ ಹಾಕಿಸಬೇಕು. ಚುಕ್ಕಿ ಬರದೇ ಇದ್ದರೆ, ಮುಂದಿನ ಸಲ ಬೆಂಗಳೂರಿಗೆ ಹೋದಾಗ ಚೀಟಿ ಬರೆದುಕೊಡುವ ಒಬ್ಬ ಗ್ಲಾಸ್ ಕೆಲಸದವರನ್ನು ಹುಡುಕಿ. ಫೋನಿನ ಮಾಡೆಲ್ ನಂಬರ್ ಮತ್ತು ಬಿಳಿ ಪರದೆಯ ಮೇಲೆ ಬಿರುಕಿನ ಒಂದು ಫೋಟೋ ಇಲ್ಲಿ ಹಾಕಿ. ಇನ್ನೊಂದು ಫೋನಿನಿಂದ ತೆಗೆಯಿರಿ, ಸ್ಕ್ರೀನ್‌ಶಾಟ್‌ನಲ್ಲಿ ಬಿರುಕು ಬರುವುದಿಲ್ಲ. ನೋಡಿ ಹೇಳುತ್ತೇನೆ.