ಆಕ್ಸಿಲರೇಟರ್ ಒತ್ತಿದರೂ ಕಾರು ತೆವಳುತ್ತಿದೆ, ಚೆಕ್ ಎಂಜಿನ್ ದೀಪ ಉರಿಯುತ್ತಿದೆ. ಥ್ರಾಟಲ್ ಬಾಡಿ ಬದಲಾಯಿಸಲೇಬೇಕಾ?

ಸುಮ್ನೆ ಬದಲಾಯಿಸಬೇಡಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಒಂದು ತಟ್ಟೆಯಿಂದ ನಿಯಂತ್ರಿಸುವ ದುಬಾರಿ ಭಾಗ ಅದು. ಈಗಿನ ಕಾರುಗಳಲ್ಲಿ ಪೆಡಲ್‌ನಿಂದ ಥ್ರಾಟಲ್‌ಗೆ ಕೇಬಲ್ ಇರುವುದಿಲ್ಲ. ಪೆಡಲ್‌ನಲ್ಲಿ ಎರಡು ಸೆನ್ಸರ್, ಥ್ರಾಟಲ್ ಬಾಡಿಯಲ್ಲೂ ಎರಡು. ಜೋಡಿಯ ಲೆಕ್ಕ ತಾಳೆಯಾಗದಿದ್ದರೆ ಇಸಿಯು (ಎಂಜಿನ್ ಕಂಪ್ಯೂಟರ್) ಯಾವುದನ್ನೂ ನಂಬುವುದಿಲ್ಲ, ಎಂಜಿನ್ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಕಾರು ತೆವಳುವುದು ಅದಕ್ಕೇ.

ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ನೋಡಿ. ಪಿ2138 ಬಂದರೆ ಸಾಮಾನ್ಯವಾಗಿ ಪೆಡಲ್ ಕಡೆ, ಪಿ2135 ಬಂದರೆ ಥ್ರಾಟಲ್ ಬಾಡಿ ಕಡೆ ಹುಡುಕಬೇಕು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ (ಸೆನ್ಸರ್‌ಗಳ ಆ ಕ್ಷಣದ ಅಂಕಿ) ನೋಡುತ್ತಾ ಪೆಡಲನ್ನು ನಿಧಾನವಾಗಿ ಒತ್ತಿ. ಎಷ್ಟೋ ಕಾರುಗಳಲ್ಲಿ ಪೆಡಲ್‌ನ ಎರಡನೇ ಸೆನ್ಸರಿನ ವೋಲ್ಟೇಜ್ ಮೊದಲನೆಯದರ ಅರ್ಧದಷ್ಟಿರುತ್ತದೆ. ಎರಡೂ ಒಂದೇ ಸಮನೆ ಏರಬೇಕು. ಮಧ್ಯೆ ಒಂದು ಸರ್ರನೆ ಬಿದ್ದು ಎದ್ದರೆ ಕಳ್ಳ ಸಿಕ್ಕಂತೆಯೇ: ಸೆನ್ಸರ್, ಇಲ್ಲವೇ ಅದರ ವೈರಿಂಗ್. ಹಾಗೇ ಕನೆಕ್ಟರ್ ಅಲ್ಲಾಡಿಸಿ ನೋಡಿ. ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೂ ಇದೇ ಕಥೆ. ಬ್ಯಾಟರಿ, ಅರ್ಥಿಂಗ್ ಕೂಡ ಒಮ್ಮೆ ನೋಡಿಸಿ.

ಬರೀ ಐಡಲ್ (ಪೆಡಲ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರುಪೇರಾಗುತ್ತಿದ್ದರೆ ಥ್ರಾಟಲ್ ತಟ್ಟೆಯ ಅಂಚಿನ ಮಸಿ ಒರೆಸಿದರೂ ಸಾಕಾಗಬಹುದು. ಇಗ್ನಿಷನ್ ಆನ್ ಇದ್ದಾಗ ಮಾತ್ರ ಅಲ್ಲಿಗೆ ಬೆರಳು ಹಾಕಬೇಡಿ, ಮೋಟರ್ ತಟ್ಟೆಯನ್ನು ತಟ್ಟನೆ ಮುಚ್ಚಿಬಿಡಬಹುದು. ಒರೆಸಿದ ಮೇಲೆ ಸ್ಕ್ಯಾನರ್‌ನಲ್ಲಿ ಐಡಲ್ ರೀಲರ್ನ್ (ಇಸಿಯುಗೆ ಐಡಲ್ ಮತ್ತೆ ಕಲಿಸುವುದು) ಮಾಡಿಸಿ.