ರ‍್ಯಾಲಿಯ ಸುದ್ದಿ ಕೊಡುವುದು, ರ‍್ಯಾಲಿಗೆ ಜನ ಸೇರಿಸುವುದು: ಚಾನೆಲ್‌ಗಳ ಗೆರೆ ಎಲ್ಲಿ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಕನ್ನಡ ಚಾನೆಲ್ಲೂ ನೋಡುತ್ತೇವೆ, ಮಲಯಾಳಂ ಚಾನೆಲ್ಲೂ ನೋಡುತ್ತೇವೆ. ಯಾವುದೋ ಪಕ್ಷದ ಯಾತ್ರೆ ಕಾಸರಗೋಡಿನಿಂದ ಹೊರಡುತ್ತದೆ ಅಂದರೆ ಸಾಕು, ಹಿಂದಿನ ದಿನದಿಂದಲೇ ‘ಕ್ಷಣಗಣನೆ’ ಶುರುವಾಗುತ್ತದೆ. ಇದು ಸುದ್ದಿಯೋ, ಪ್ರಚಾರವೋ? ಅಮೆರಿಕದಲ್ಲಿರುವ ಮಗ ಹೇಳುವ ಪ್ರಕಾರ ಅಲ್ಲಿ ಫಾಕ್ಸ್ ನ್ಯೂಸ್, ಸಿಎನ್‌ಎನ್ ನಡುವೆ ಇದೇ ವಿಚಾರಕ್ಕೆ ದೊಡ್ಡ ಜಗಳವಾಗಿತ್ತಂತೆ. ಏನದು?

ಉತ್ತರ: ಕಾಸರಗೋಡಿನವರಿಗೆ ಈ ಪ್ರಶ್ನೆ ಉಳಿದವರಿಗಿಂತ ಜಾಸ್ತಿ ತಟ್ಟುತ್ತದೆ. ಕೇರಳದ ರಾಜಕೀಯ ಯಾತ್ರೆಗಳು ಹೊರಡುವುದೇ ನಿಮ್ಮ ಊರಿನಿಂದ ಅಲ್ವಾ? 2021ರ ಜನವರಿ 31ರಂದು ಕಾಂಗ್ರೆಸ್ಸಿನ ರಮೇಶ್ ಚೆನ್ನಿತ್ತಲ ಅವರ ಐಶ್ವರ್ಯ ಕೇರಳ ಯಾತ್ರೆ ಹೊರಟಿದ್ದು ಕುಂಬಳೆಯಿಂದ. ಅದೇ ವರ್ಷ ಫೆಬ್ರವರಿ 21ಕ್ಕೆ ಬಿಜೆಪಿಯ ಕೆ. ಸುರೇಂದ್ರನ್ ಅವರ ವಿಜಯ ಯಾತ್ರೆ ಕಾಸರಗೋಡಿನಿಂದ ಹೊರಟಿತು. 2023ರ ಫೆಬ್ರವರಿ 20ರಂದು ಸಿಪಿಎಂನ ಜನಕೀಯ ಪ್ರತಿರೋಧ ಜಾಥಾ ಮತ್ತೆ ಕುಂಬಳೆಯಿಂದಲೇ. ಅದೇ ವರ್ಷ ನವೆಂಬರ್ 18ಕ್ಕೆ ಪೈವಳಿಕೆಯಲ್ಲಿ ಸರ್ಕಾರದ ನವಕೇರಳ ಸದಸ್ಸು, ಅಂದರೆ ಮುಖ್ಯಮಂತ್ರಿ, ಸಚಿವರು ಊರೂರಿಗೆ ಹೋಗಿ ಜನರನ್ನು ಕಾಣುವ ಸಭೆಗಳು, ಆರಂಭವಾಯಿತು. ಅದು ಸರ್ಕಾರದ ಕಾರ್ಯಕ್ರಮವೋ, ಪಕ್ಷದ ಪ್ರಚಾರವೋ ಎಂಬ ಜಗಳವೂ ಜೊತೆಗೇ ಶುರುವಾಯಿತು. ಪಕ್ಷ ಯಾವುದೇ ಇರಲಿ, ಮೊದಲ ದಿನದ ಕ್ಯಾಮೆರಾ ನಿಮ್ಮ ಪೇಟೆಯಲ್ಲೇ.

ಮೊದಲು ನಿಮ್ಮ ಮಗ ಹೇಳಿದ ಜಗಳದ ಕಥೆ ನೋಡೋಣ. ನಮ್ಮಲ್ಲಿ ಇನ್ನೂ ಮಸುಕಾಗಿರುವ ಗೆರೆ ಅಲ್ಲಿ ಚೆನ್ನಾಗಿ ಕಾಣುತ್ತದೆ.

2009ರಲ್ಲಿ ಬರಾಕ್ ಒಬಾಮ ಅಧ್ಯಕ್ಷರಾಗಿ ಕೆಲವೇ ತಿಂಗಳಾಗಿತ್ತು. ಸರ್ಕಾರದ ಖರ್ಚು, ತೆರಿಗೆಗಳ ವಿರುದ್ಧ ‘ಟೀ ಪಾರ್ಟಿ’ ಹೆಸರಿನ ಚಳವಳಿ ಎದ್ದಿತು. ಏಪ್ರಿಲ್ 15 ಅಲ್ಲಿ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ. ಆ ದಿನ ನೂರಾರು ಊರುಗಳಲ್ಲಿ ಪ್ರತಿಭಟನೆ ನಡೆಯಿತು. ಫಾಕ್ಸ್ ನ್ಯೂಸ್ ಅದನ್ನು ಬರೀ ವರದಿ ಮಾಡಲಿಲ್ಲ. ಎಲ್ಲೆಲ್ಲಿ ಸಭೆ ಇದೆ ಎಂದು ದಿನಗಟ್ಟಲೆ ಮೊದಲೇ ಹೇಳುತ್ತಾ ಬಂತು. ತನ್ನ ನಿರೂಪಕರನ್ನೇ ಸಭೆಗಳಿಗೆ ಕಳಿಸಿತು. ಶಾನ್ ಹ್ಯಾನಿಟಿ ಅಟ್ಲಾಂಟಾದಿಂದ, ಗ್ಲೆನ್ ಬೆಕ್ ಸ್ಯಾನ್ ಆಂಟೋನಿಯೊದಿಂದ, ನೀಲ್ ಕಾವುಟೊ ಸ್ಯಾಕ್ರಮೆಂಟೊದಿಂದ ಕಾರ್ಯಕ್ರಮ ನಡೆಸಿದರು. ಪರದೆಯ ಮೇಲೆ ‘ಎಫ್‌ಎನ್‌ಸಿ ಟ್ಯಾಕ್ಸ್ ಡೇ ಟೀ ಪಾರ್ಟೀಸ್’ ಎಂಬ ಪಟ್ಟಿ ಬಂತು. ಎಫ್‌ಎನ್‌ಸಿ ಅಂದರೆ ಚಾನೆಲ್‌ನದೇ ಹೆಸರು. ಪ್ರತಿಭಟನೆ ಜನರದ್ದೋ ಚಾನೆಲ್‌ನದ್ದೋ ಎಂದು ಟೀಕಾಕಾರರು ಕೇಳಿದ್ದು ಇದಕ್ಕೇ.

ಫಾಕ್ಸ್‌ನ ವಾದವೂ ಇತ್ತು, ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಜನ ನಿಜವಾಗಿಯೂ ಬೀದಿಗಿಳಿದಿದ್ದರು, ಉಳಿದ ಚಾನೆಲ್‌ಗಳು ಅವರನ್ನು ಹಗುರವಾಗಿ ಕಂಡವು ಎಂಬುದು ಅದರ ಮಾತು. ಇದರಲ್ಲಿ ಸ್ವಲ್ಪ ಸತ್ಯ ಇತ್ತು. ಅದೇ ದಿನ ಶಿಕಾಗೊದಲ್ಲಿ ಸಿಎನ್‌ಎನ್ ವರದಿಗಾರ್ತಿಯೊಬ್ಬರು ಲೈವ್‌ನಲ್ಲೇ ಪ್ರತಿಭಟನಕಾರರ ಜೊತೆ ವಾದಕ್ಕೆ ಇಳಿದರು. ಜನರನ್ನು ಕರೆಯುವುದು ಹೇಗೆ ವರದಿಗಾರನ ಕೆಲಸ ಅಲ್ಲವೋ, ಬಂದ ಜನರ ಜೊತೆ ಜಗಳ ಆಡುವುದೂ ಹಾಗೆಯೇ ಅವನ ಕೆಲಸ ಅಲ್ಲ.

ಮುಂದೆ ಸೆಪ್ಟೆಂಬರ್ 12ಕ್ಕೆ ವಾಷಿಂಗ್ಟನ್‌ನಲ್ಲಿ ದೊಡ್ಡ ರ‍್ಯಾಲಿ ಆಯಿತು. ಇಪ್ಪತ್ತು ಲಕ್ಷ ಜನ ಸೇರಿದ್ದರು ಎಂಬ ಮಾತು ಹರಡಿತು, ಎಬಿಸಿ ನ್ಯೂಸ್ ಹೆಸರನ್ನೂ ಅದಕ್ಕೆ ಅಂಟಿಸಿದರು. ಎಬಿಸಿ ಅಂಥ ಅಂಕಿ ಕೊಟ್ಟೇ ಇರಲಿಲ್ಲ. ಅಗ್ನಿಶಾಮಕ ಇಲಾಖೆಯ ಅಂದಾಜು ಎಂದು ಅದು ಹೇಳಿದ್ದು 60ರಿಂದ 70 ಸಾವಿರ. ಸೆಪ್ಟೆಂಬರ್ 18ಕ್ಕೆ ಫಾಕ್ಸ್ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಪುಟ ತುಂಬ ಜಾಹೀರಾತು ಹಾಕಿತು. ಎಬಿಸಿ, ಸಿಬಿಎಸ್, ಎನ್‌ಬಿಸಿ, ಎಂಎಸ್‌ಎನ್‌ಬಿಸಿ, ಸಿಎನ್‌ಎನ್ ಈ ಸುದ್ದಿಯನ್ನು ಹೇಗೆ ತಪ್ಪಿಸಿಕೊಂಡವು ಎಂದು ಅದರಲ್ಲಿ ಕೇಳಿತ್ತು. ಆ ಚಾನೆಲ್‌ಗಳೆಲ್ಲ ರ‍್ಯಾಲಿಯ ಸುದ್ದಿ ಕೊಟ್ಟಿದ್ದವು. ಸಿಎನ್‌ಎನ್ ತನ್ನ ವರದಿಯ ತುಣುಕುಗಳನ್ನೇ ತೋರಿಸಿ ಉತ್ತರ ಕೊಟ್ಟಿತು. ಆಮೇಲೆ ಒಂದು ವಿಡಿಯೊ ಹೊರಬಂತು. ಅದೇ ರ‍್ಯಾಲಿಯಲ್ಲಿ ಫಾಕ್ಸ್‌ನ ಕಿರಿಯ ನಿರ್ಮಾಪಕಿಯೊಬ್ಬರು ಲೈವ್ ಸಮಯದಲ್ಲಿ ವರದಿಗಾರನ ಹಿಂದಿದ್ದ ಜನರಿಗೆ ಕೈ ಎತ್ತಿ ಸನ್ನೆ ಮಾಡಿ ಕೂಗಿಸುತ್ತಿದ್ದರು. ಆಕೆಯ ಮೇಲೆ ಕ್ರಮ ಕೈಗೊಂಡಿದ್ದೇವೆ ಎಂದು ಚಾನೆಲ್ ಹೇಳಿತು.

ಇದಕ್ಕಿಂತ ನಮಗೆ ಉಪಯೋಗಕ್ಕೆ ಬರುವ ಪ್ರಸಂಗ ಇನ್ನೊಂದಿದೆ. 2009ರ ನವೆಂಬರ್ 5ರಂದು ವಾಷಿಂಗ್ಟನ್ನಿನಲ್ಲೇ ಇನ್ನೊಂದು ಸಭೆ, ಇದು ಚಿಕ್ಕದು. ಹ್ಯಾನಿಟಿ ಅವರ ಕಾರ್ಯಕ್ರಮದಲ್ಲಿ ಅದರ ದೃಶ್ಯ ಬಂದಾಗ ಜನಸಾಗರವೇ ಕಂಡಿತು. ಹಾಸ್ಯ ಕಾರ್ಯಕ್ರಮದ ನಿರೂಪಕ ಜಾನ್ ಸ್ಟುವರ್ಟ್ ಮರಗಳ ಕಡೆ ಬೆರಳು ತೋರಿಸಿದರು. ಒಂದು ದೃಶ್ಯದಲ್ಲಿ ಬಿಸಿಲು, ಹಸಿರು ಎಲೆ. ಮುಂದಿನ ದೃಶ್ಯದಲ್ಲಿ ಮೋಡ, ಬಣ್ಣ ತಿರುಗಿದ ಎಲೆ. ಸೆಪ್ಟೆಂಬರ್‌ನ ದೊಡ್ಡ ರ‍್ಯಾಲಿಯ ಚಿತ್ರವನ್ನು ನವೆಂಬರ್‌ನ ಸಭೆಗೆ ಸೇರಿಸಿದ್ದರು. ಹ್ಯಾನಿಟಿ ತಪ್ಪಾಗಿದೆ ಎಂದು ಒಪ್ಪಿಕೊಂಡರು. ಟಿವಿಯಲ್ಲಿ ಜನಸಂದಣಿ ತೋರಿಸಿದಾಗ ಜನರನ್ನಷ್ಟೇ ನೋಡಬೇಡಿ. ಆಕಾಶ ನೋಡಿ, ನೆರಳು ನೋಡಿ, ರಸ್ತೆ ಒದ್ದೆಯಾಗಿದೆಯೇ ನೋಡಿ.

ಇದು ಒಂದೇ ಪಕ್ಷದ, ಒಂದೇ ಚಾನೆಲ್‌ನ ಕಾಯಿಲೆ ಅಲ್ಲ. 2010ರ ಅಕ್ಟೋಬರ್ 2ರಂದು ಎಡಪಂಥೀಯ ಸಂಘಟನೆಗಳು ವಾಷಿಂಗ್ಟನ್‌ನಲ್ಲಿ ‘ಒನ್ ನೇಷನ್’ ರ‍್ಯಾಲಿ ಮಾಡಿದವು. ಎಂಎಸ್‌ಎನ್‌ಬಿಸಿಯ ನಿರೂಪಕ ಎಡ್ ಶುಲ್ಟ್ಸ್ ತಮ್ಮ ಕಾರ್ಯಕ್ರಮದಲ್ಲಿ ಅದಕ್ಕೆ ಪ್ರಚಾರ ಕೊಟ್ಟರು, ಆ ದಿನ ವೇದಿಕೆ ಹತ್ತಿ ಭಾಷಣವನ್ನೂ ಮಾಡಿದರು. ಇನ್ನು 2015–16ರಲ್ಲಿ ಡೊನಾಲ್ಡ್ ಟ್ರಂಪ್ ರ‍್ಯಾಲಿಗಳನ್ನು ಎಲ್ಲ ಕೇಬಲ್ ಚಾನೆಲ್‌ಗಳೂ ಕತ್ತರಿ ಹಾಕದೆ ಉದ್ದಕ್ಕೆ ತೋರಿಸಿದವು. ಅವರು ಬರುವ ಮೊದಲೇ ಖಾಲಿ ಮೈಕಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಕಾಯ್ದದ್ದೂ ಉಂಟು. 2016ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್‌ನಲ್ಲಿ ಮಾತಾಡುತ್ತಾ ಸಿಎನ್‌ಎನ್ ಮುಖ್ಯಸ್ಥ ಜೆಫ್ ಜುಕರ್, ಆರಂಭದ ತಿಂಗಳುಗಳಲ್ಲಿ ಆ ರ‍್ಯಾಲಿಗಳನ್ನು ಜಾಸ್ತಿಯೇ ತೋರಿಸಿಬಿಟ್ಟೆವೇನೋ ಎಂದು ಒಪ್ಪಿಕೊಂಡರು. ಅಲ್ಲಿ ರಾಜಕೀಯ ಒಲವಿಗಿಂತ ಟಿಆರ್‌ಪಿ ಆಸೆ ಕೆಲಸ ಮಾಡಿತ್ತು. ಫಲ ಮಾತ್ರ ಬೇರೆ ಆಗಲಿಲ್ಲ.

ಅಮೆರಿಕದಲ್ಲಿ ಇದನ್ನು ತಡೆಯುವ ಕಾನೂನು ಇಲ್ಲ. ವಿವಾದಿತ ವಿಷಯದಲ್ಲಿ ಎರಡೂ ಕಡೆಯ ಮಾತು ಕೊಡಬೇಕೆಂಬ ಹಳೆಯ ನಿಯಮ 1987ರಲ್ಲೇ ಹೋಯಿತು. ಅದಿದ್ದದ್ದೂ ಆಂಟೆನಾದಲ್ಲಿ ಸಿಗುವ ಟಿವಿ, ರೇಡಿಯೊ ಕೇಂದ್ರಗಳಿಗೆ, ಕೇಬಲ್ ಸುದ್ದಿ ಚಾನೆಲ್ಲುಗಳಿಗಲ್ಲ. ಹಾಗಾಗಿ ಅಲ್ಲಿನ ಜಗಳ ವೃತ್ತಿಯ ಮರ್ಯಾದೆಯ ಸುತ್ತ ನಡೆಯುತ್ತದೆ. 2010ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿಯ ಟೀ ಪಾರ್ಟಿ ಸಭೆಗೆ ಸಂಘಟಕರು ಪ್ರವೇಶ ಶುಲ್ಕ ಇಟ್ಟಿದ್ದರು, ಹ್ಯಾನಿಟಿ ಅಲ್ಲಿಂದ ಕಾರ್ಯಕ್ರಮ ಮಾಡಬೇಕಿತ್ತು. ಫಾಕ್ಸ್ ಮುಖ್ಯಸ್ಥರೇ ಅವರನ್ನು ನ್ಯೂಯಾರ್ಕ್‌ಗೆ ವಾಪಸ್ ಕರೆಸಿಕೊಂಡರು. ಗೆರೆ ಒಂದು ಇದೆ ಎಂದು ಆ ಚಾನೆಲ್ಲಿಗೂ ಅನಿಸಿತ್ತು ಎಂದಾಯಿತು.

ಈಗ ನಿಮ್ಮ ‘ಕ್ಷಣಗಣನೆ’ಗೆ ಬರೋಣ. ಮದುವೆಗೆ ಹೋಗಿ ಬಂದು ಊಟ ಹೇಗಿತ್ತು ಅಂತ ಹೇಳುವವರು ಬೇರೆ, ಮನೆಮನೆಗೆ ಹೋಗಿ ಕಾಗದ ಕೊಟ್ಟು ಕರೆಯುವವರು ಬೇರೆ. ಚಾನೆಲ್ ಯಾವ ಕೆಲಸ ಮಾಡುತ್ತಿದೆ ಎಂದು ರ‍್ಯಾಲಿಗೆ ಮೊದಲೇ ಗೊತ್ತಾಗುತ್ತದೆ. ಜಾಗ, ಸಮಯ, ‘ಲಕ್ಷಾಂತರ ಜನರ ನಿರೀಕ್ಷೆ’ ಎಂದು ಪದೇಪದೇ ಹೇಳುತ್ತಿದೆಯೇ? ನಿರೀಕ್ಷೆ ಯಾರದ್ದು, ಪೊಲೀಸರದ್ದೋ ಸಂಘಟಕರದ್ದೋ? ಪೇಟೆ ಬಂದ್ ಆದೀತು, ಬಸ್ಸು ಬೇರೆ ದಾರಿಯಲ್ಲಿ ಹೋದೀತು ಎಂದು ಹೇಳಿದರೆ ಅದು ಸುದ್ದಿ. ‘ಇತಿಹಾಸ ಸೃಷ್ಟಿಗೆ ಸಜ್ಜಾದ ಕುಂಬಳೆ’ ಎಂದರೆ ಅದು ಕರೆಯೋಲೆ.

ಎರಡನೆಯದು ಕ್ಯಾಮೆರಾ ಯಾರದ್ದು ಎಂಬ ಪ್ರಶ್ನೆ. ದೊಡ್ಡ ರ‍್ಯಾಲಿಗಳಲ್ಲಿ ಎಷ್ಟೋ ಸಲ ಪಕ್ಷವೇ ಕ್ಯಾಮೆರಾ, ಜಿಬ್ (ಕ್ಯಾಮೆರಾವನ್ನು ಮೇಲಕ್ಕೆತ್ತುವ ಉದ್ದ ತೋಳು), ಡ್ರೋನ್ ಇಟ್ಟು ದೃಶ್ಯವನ್ನು ಚಾನೆಲ್‌ಗಳಿಗೆ ಹಂಚುತ್ತದೆ. ಚಾನೆಲ್‌ಗೆ ಖರ್ಚು ಉಳಿಯಿತು. ಆದರೆ ಏನು ಕಾಣಬೇಕು, ಏನು ಕಾಣಬಾರದು ಎಂದು ತೀರ್ಮಾನಿಸುವವರು ಪಕ್ಷದವರಾದರು. ಖಾಲಿ ಕುರ್ಚಿ ಆ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಒಂದು ಸಲ ಪರೀಕ್ಷೆ ಮಾಡಿ. ರ‍್ಯಾಲಿ ಲೈವ್ ಇರುವಾಗ ನಾಲ್ಕು ಚಾನೆಲ್ ಬದಲಾಯಿಸಿ. ಅದೇ ಕ್ಷಣ, ಅದೇ ಕೋನ, ಅದೇ ಮುಖದ ಮೇಲೆ ಅದೇ ಜೂಮ್ ಎಲ್ಲ ಕಡೆ ಕಂಡರೆ ದೃಶ್ಯ ಒಂದೇ ಕಡೆಯಿಂದ ಬರುತ್ತಿದೆ. ಅದು ಪಕ್ಷದ ದೃಶ್ಯವಾಗಿದ್ದರೆ ಪರದೆಯ ಮೇಲೆ ಹಾಗೆಂದು ಬರೆಯಬೇಕು. ಬರೆಯದೆ ತಮ್ಮ ಲೋಗೊ ಹಾಕಿ ತೋರಿಸುವುದು ನೋಡುವವರಿಗೆ ಮಾಡುವ ಮೋಸ ಎಂದೇ ನನ್ನ ಅಭಿಪ್ರಾಯ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅಷ್ಟು ಕ್ಯಾಮೆರಾಗಳು ಕುಂಬಳೆಗೆ, ಪೈವಳಿಕೆಗೆ ಬಂದಾಗ ಅಲ್ಲಿನವರನ್ನು ಏನು ಕೇಳಿದವು? ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದ್ದಕ್ಕೆ ಮಕ್ಕಳು, ಹೆತ್ತವರು ಎಷ್ಟು ಸಲ ಬೀದಿಗೆ ಬಂದಿದ್ದಾರೆ. ಎಣ್ಮಕಜೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆಗಳು ಯಾತ್ರೆ ಹೊರಡುವ ಜಾಗದಿಂದ ದೂರ ಏನಲ್ಲ. ವೇದಿಕೆ ಮೇಲಿರುವ ನಾಯಕರಿಗೆ ಈ ಎರಡು ಪ್ರಶ್ನೆ ಕೇಳಿದ ವರದಿಗಾರ ಸುದ್ದಿಯ ಕೆಲಸಕ್ಕೆ ಬಂದವನು. ನಿಮ್ಮ ಊರನ್ನು ಬರೀ ಹಿನ್ನೆಲೆ ಪರದೆ ಮಾಡಿಕೊಂಡು ಹೋದವನನ್ನು ಹಾಗೆನ್ನಲು ನನಗೆ ಮನಸ್ಸಿಲ್ಲ.

ಪಕ್ಷಕ್ಕೆ ಹತ್ತಿರದ ಚಾನೆಲ್‌ಗಳ ವಿಷಯ ಬೇರೆ. 2000ದಲ್ಲಿ ಶುರುವಾದ ಕೈರಳಿ ಸಿಪಿಎಂ ಬೆಂಬಲದ್ದು, ಜೈಹಿಂದ್ ಕಾಂಗ್ರೆಸ್ಸಿನದು ಎಂದು ನೋಡುವವರಿಗೆ ಗೊತ್ತಿದೆ. ಗೊತ್ತಿದ್ದು ನೋಡಿದರೆ ತೊಂದರೆ ಕಡಿಮೆ. ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳುತ್ತಾ ಅದೇ ಕೆಲಸ ಮಾಡುವವರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಪ್ರಶ್ನೆ: ಉಪ್ಪಳದಲ್ಲಿ ನಮ್ಮ ಲೋಕಲ್ ಕೇಬಲ್‌ನಲ್ಲಿ ಚುನಾವಣೆ ಸಮಯ ‘ಇಂದು ಸಂಜೆ ಬಹಿರಂಗ ಸಭೆ, ಎಲ್ಲರೂ ಬನ್ನಿ’ ಎಂದು ಕೆಳಗಡೆ ಓಡುತ್ತಾ ಇರುತ್ತದೆ. ಇದಕ್ಕೆ ಅನುಮತಿ ಬೇಡವೇ?

ಉತ್ತರ: ಬೇಕು. 2004ರ ಏಪ್ರಿಲ್ 13ರ ಸುಪ್ರೀಂ ಕೋರ್ಟ್ ಆದೇಶದ ನಂತರ ಟಿವಿ, ಕೇಬಲ್‌ನ ರಾಜಕೀಯ ಜಾಹೀರಾತಿಗೆ ಮೊದಲೇ ಪ್ರಮಾಣಪತ್ರ ಪಡೆಯಬೇಕು. ಲೋಕಲ್ ಕೇಬಲ್‌ಗೆ ವಿನಾಯಿತಿ ಇಲ್ಲ. ಕೊಡುವುದು ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ, ಎಲ್ಲರೂ ಎಂಸಿಎಂಸಿ ಎನ್ನುತ್ತಾರೆ. ನೋಂದಾಯಿತ ಪಕ್ಷ, ಅಭ್ಯರ್ಥಿಗಳು ಪ್ರಸಾರಕ್ಕೆ 3 ದಿನ ಮೊದಲು, ಉಳಿದವರು 7 ದಿನ ಮೊದಲು ಅರ್ಜಿ ಹಾಕಬೇಕು. ತಯಾರಿಕೆಗೆ ಎಷ್ಟು, ಪ್ರಸಾರಕ್ಕೆ ಎಷ್ಟು ಎಂದು ಖರ್ಚನ್ನೂ ತಿಳಿಸಬೇಕು.

ದುಡ್ಡು ಕೊಟ್ಟು ಸುದ್ದಿಯ ವೇಷದಲ್ಲಿ ಹಾಕಿಸಿದರೆ ಅದು ‘ಕಾಸಿಗಾಗಿ ಸುದ್ದಿ’. ಅದನ್ನೂ ಇದೇ ಸಮಿತಿ ನೋಡುತ್ತದೆ. ಹೌದೆಂದು ಕಂಡರೆ ಅದರ ಬೆಲೆಯನ್ನು ಅಭ್ಯರ್ಥಿಯ ಚುನಾವಣಾ ಖರ್ಚಿನ ಲೆಕ್ಕಕ್ಕೆ ಸೇರಿಸುತ್ತಾರೆ. ಕೇರಳದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಿತಿ ಎಂದು 2022ರಲ್ಲಿ ನಿಗದಿ ಮಾಡಿದ್ದರು. ಆದರೆ ಚಾನೆಲ್ ತಾನಾಗಿಯೇ ದೊಡ್ಡ ನಾಯಕರ ಭಾಷಣವನ್ನು ಗಂಟೆಗಟ್ಟಲೆ ಲೈವ್ ತೋರಿಸಿದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹತ್ತು ಸೆಕೆಂಡಿನ ಜಾಹೀರಾತಿಗೆ ಪ್ರಮಾಣಪತ್ರ ಬೇಕು, ಒಂದು ಗಂಟೆಯ ಲೈವ್‌ಗೆ ಏನೂ ಬೇಡ. ಈ ಕಿಂಡಿ ಮುಚ್ಚದೆ ಖರ್ಚಿನ ಮಿತಿಗೆ ಅರ್ಥ ಬರುವುದು ಕಷ್ಟ.

ಪ್ರಶ್ನೆ: 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮಲ್ಲಿ ಬಹಿರಂಗ ಪ್ರಚಾರ ಮುಗಿದ ಮೇಲೂ ಕನ್ನಡ ಚಾನೆಲ್‌ಗಳಲ್ಲಿ ರ‍್ಯಾಲಿ ಬರುತ್ತಿತ್ತು. ಇದು ಸರಿಯೇ? ದೂರು ಕೊಡುವುದು ಎಲ್ಲಿ?

ಉತ್ತರ: ಗಡಿಯಲ್ಲಿರುವವರ ತೊಂದರೆ ಇದು. ಆ ಸಲ ಕೇರಳದಲ್ಲಿ, ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 26ಕ್ಕೆ ಮತದಾನ. ಉತ್ತರ ಕರ್ನಾಟಕದ ಕಡೆಯ 14 ಕ್ಷೇತ್ರಗಳಲ್ಲಿ ಮೇ 7ಕ್ಕೆ. ಹಾಗಾಗಿ ಮಂಜೇಶ್ವರದಲ್ಲಿ ಮೈಕು ನಿಂತಿದ್ದಾಗ ಆ ಕಡೆ ಪ್ರಚಾರ ನಡೆಯುತ್ತಿತ್ತು, ಚಾನೆಲ್ ಒಂದೇ. ಜನತಾ ಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಆ ಕ್ಷೇತ್ರದಲ್ಲಿ ಟಿವಿಯಲ್ಲಿ ಚುನಾವಣಾ ವಿಷಯ ತೋರಿಸುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಬೇರೆ ಹಂತದ ಪ್ರಚಾರ ನಡೆಯಬಹುದು, ಆದರೆ ಈ 48 ಗಂಟೆಯ ಮೌನದ ಅವಧಿಯಲ್ಲಿರುವ ಕ್ಷೇತ್ರದ ಪಕ್ಷ, ಅಭ್ಯರ್ಥಿಗೆ ನೇರವಾಗಿಯೋ ಸುತ್ತಿಬಳಸಿಯೋ ಬೆಂಬಲ ಕೇಳುವ ಮಾತು ಇರಬಾರದು ಎಂದು ಚುನಾವಣಾ ಆಯೋಗ ಹೇಳುತ್ತದೆ. ಕಾಗದದಲ್ಲಿ ಚೆನ್ನಾಗಿದೆ. ದೇಶದ ನಾಯಕ ಬೆಳಗಾವಿಯಲ್ಲಿ ನಿಂತು ‘ನಮ್ಮ ಪಕ್ಷಕ್ಕೆ ಮತ ಕೊಡಿ’ ಎಂದರೆ ಮಂಜೇಶ್ವರದ ಹೊಸಂಗಡಿಯಲ್ಲಿ ಕೂತವರಿಗೆ ಅದು ಕೇಳದೇ ಇರುತ್ತದೆಯೇ?

ದೂರಿಗೆ ಎರಡು ದಾರಿ. ಚುನಾವಣೆ ಸಮಯವಾದರೆ ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಕಲೆಕ್ಟರಿಗೆ, ಎಂಸಿಎಂಸಿ ಹೆಸರಿನಲ್ಲಿ ಬರೆಯಿರಿ. ಬೇಗ ಬರೆಯಿರಿ. ಕಾಸಿಗಾಗಿ ಸುದ್ದಿಯ ನೋಟಿಸು ಅಭ್ಯರ್ಥಿಗೆ 96 ಗಂಟೆಯೊಳಗೆ ಹೋಗಬೇಕೆಂಬ ನಿಯಮ ಇದೆ. ಉಳಿದ ಸಮಯದಲ್ಲಿ ಮೊದಲು ಚಾನೆಲ್‌ಗೇ ದೂರು ಕೊಡಬೇಕು. ಕೇಬಲ್ ಟಿವಿಯ 2021ರ ನಿಯಮದಂತೆ ಅವರು 24 ಗಂಟೆಯಲ್ಲಿ ದೂರು ಬಂತೆಂದು ತಿಳಿಸಿ, 15 ದಿನದಲ್ಲಿ ತೀರ್ಮಾನ ಹೇಳಬೇಕು. ತೃಪ್ತಿ ಆಗದಿದ್ದರೆ ಆ ಚಾನೆಲ್ ಸದಸ್ಯವಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು.

ಚಾನೆಲ್ ಹೆಸರು, ದಿನ, ಗಂಟೆ, ನಿಮಿಷ, ಪರದೆಯ ಮೇಲೆ ಬಂದ ಅಕ್ಷರ ಇದ್ದಂತೆಯೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಪರದೆಯ ವಿಡಿಯೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ‘ಪಕ್ಷಪಾತ ಮಾಡಿದ್ದಾರೆ’ ಎಂದಷ್ಟೇ ಬರೆದ ದೂರು ನಿಲ್ಲುವುದಿಲ್ಲ. ಮಲಯಾಳಂನಲ್ಲೇ ಬರೆಯಬೇಕೆಂದು ಯಾರಾದರೂ ಹೇಳಿದರೆ ಹಿಂಜರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗೆ ನೀವು ಕನ್ನಡದಲ್ಲೇ ಬರೆಯಬಹುದು. ಉತ್ತರವನ್ನೂ ಅವರು ಕನ್ನಡದಲ್ಲೇ ಕೊಡಬೇಕು.