ನೀಲಿಗೆ ಶಕ್ತಿ ಹೆಚ್ಚು, ಹಾಗಿದ್ದರೂ ಕೆಂಪು ಬೆಳಕೇಕೆ?

ಅಮೈನೊಲೆವುಲಿನಿಕ್ ಆಮ್ಲದ ಲೇಪ ಹಚ್ಚಿ, ಬೆಳಕು ಹಾಯಿಸಿ ಚರ್ಮದ ಕೆಟ್ಟ ಕೋಶಗಳನ್ನು ಕೊಲ್ಲುವ ಫೋಟೊಡೈನಮಿಕ್ ಚಿಕಿತ್ಸೆಯಲ್ಲಿ ಕೆಲವರು ನೀಲಿ ದೀಪ, ಕೆಲವರು ಕೆಂಪು ದೀಪ ಬಳಸುವುದೇಕೆ, ನೀಲಿಯಲ್ಲಿ ಶಕ್ತಿ ಹೆಚ್ಚಿರುವುದರಿಂದ ಅದರ ರಾಸಾಯನಿಕ ಕ್ರಿಯೆಯೂ ತೀವ್ರವಲ್ಲವೇ ಎಂದು ಕೇಳಿದ್ದೀರಿ.

ಅಲ್ಲ. ನಾನು ವೈದ್ಯನಲ್ಲ, ರಸಾಯನಶಾಸ್ತ್ರ ಕಲಿಸುವವನು; ಈ ತಪ್ಪು ಕಲ್ಪನೆ ನನ್ನ ವಿದ್ಯಾರ್ಥಿಗಳಲ್ಲೂ ಗಟ್ಟಿಯಾಗಿ ಬೇರೂರಿದೆ.

ಲೇಪ ತಾನಾಗಿ ಬೆಳಕಿಗೆ ಸ್ಪಂದಿಸುವುದಿಲ್ಲ. ಜೀವಕೋಶಗಳು ಅದರಿಂದ ಪ್ರೋಟೊಪಾರ್ಫಿರಿನ್ ತಯಾರಿಸುತ್ತವೆ, ಬೆಳಕನ್ನು ಹೀರುವುದು ಅದು. ನೀಲಿ ಫೋಟಾನ್ (ಬೆಳಕಿನ ಕಣ) ಹೀರಿದ ಅಣು ಹೆಚ್ಚು ಶಕ್ತಿಯ ಎತ್ತರದ ಸ್ಥಿತಿಗೇನೋ ಏರುತ್ತದೆ. ಆದರೆ ಕೆಲವೇ ಪಿಕೊಸೆಕೆಂಡುಗಳಲ್ಲಿ ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಚೆಲ್ಲಿ, ಕೆಂಪು ಫೋಟಾನ್ ಮುಟ್ಟಿಸುವ ಮೆಟ್ಟಿಲಿಗೇ ಇಳಿದುಬಿಡುತ್ತದೆ. ಮುಂದಿನದೆಲ್ಲ ಒಂದೇ: ಅಣು ಟ್ರಿಪ್ಲೆಟ್ ಎಂಬ, ಹೆಚ್ಚು ಹೊತ್ತು ಉಳಿಯುವ ಸ್ಥಿತಿಗೆ ಬಂದು ತನ್ನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತದೆ, ಹಾಗೆ ಹುಟ್ಟಿದ ಸಿಂಗ್ಲೆಟ್ ಆಮ್ಲಜನಕ, ಅಂದರೆ ಆಮ್ಲಜನಕದ ತೀವ್ರ ಕ್ರಿಯಾಶೀಲ ರೂಪ, ಕೋಶವನ್ನು ಕೊಲ್ಲುತ್ತದೆ. ಯಾವ ಬಣ್ಣ ಅಣುವನ್ನು ಎಬ್ಬಿಸಿತು ಎಂಬ ನೆನಪು ಅದಕ್ಕೆ ಉಳಿಯುವುದಿಲ್ಲ.

ವ್ಯತ್ಯಾಸ ಇರುವುದು ಎಷ್ಟು ಬೆಳಕು ಹೀರಲ್ಪಡುತ್ತದೆ, ಎಷ್ಟು ಆಳ ಇಳಿಯುತ್ತದೆ ಎಂಬುದರಲ್ಲಿ. ಪ್ರೋಟೊಪಾರ್ಫಿರಿನ್ 635 ನ್ಯಾನೊಮೀಟರ್‌ನ ಕೆಂಪಿಗಿಂತ 410ರ ಬಳಿಯ ನೀಲಿಯಲ್ಲಿ 20 ಪಟ್ಟಿಗೂ ಹೆಚ್ಚು ಬೆಳಕನ್ನು ಹೀರುತ್ತದೆ. ಆದ್ದರಿಂದಲೇ ಚದರ ಸೆಂಟಿಮೀಟರ್‌ಗೆ ನೀಲಿ ದೀಪದಲ್ಲಿ 10 ಜೂಲ್ ಸಾಕಾದರೆ ಕೆಂಪಿನಲ್ಲಿ 37 ಜೂಲ್ ಕೊಡುವ ವಾಡಿಕೆ ಇದೆ. ತೊಡಕೆಂದರೆ, ರಕ್ತದ ಹಿಮೋಗ್ಲೋಬಿನ್ ಕೂಡ ಇದೇ ನೀಲಿಯನ್ನು ಆಸೆಯಿಂದ ನುಂಗುತ್ತದೆ. ಹೀಗಾಗಿ ನೀಲಿ ಚರ್ಮದ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ, ಕೆಂಪು ಕೆಲವು ಮಿಲಿಮೀಟರ್ ಇಳಿಯುತ್ತದೆ. ಬಿಸಿಲಿನಿಂದ ಚರ್ಮದ ಮೇಲೆ ಬರುವ ಒರಟು ಕಲೆ, ಆಕ್ಟಿನಿಕ್ ಕೆರಟೋಸಿಸ್‌ನ ತೆಳು ಪೊರೆಗೆ ನೀಲಿ ಸಾಲುತ್ತದೆ. ಆದರೆ ಅದಕ್ಕಿಂತ ಆಳಕ್ಕಿಳಿಯುವ ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ತೆಳುವಾಗಿದ್ದರೂ ಕೆಂಪೇ ಬೇಕು.

ಹಾಗಾದರೆ ಇನ್ನೂ ಆಳಕ್ಕಿಳಿಯುವ ಅವಕೆಂಪು ಕಿರಣವನ್ನೇ ಬಳಸಬಾರದೇಕೆ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಸಿಂಗ್ಲೆಟ್ ಆಮ್ಲಜನಕ ಹುಟ್ಟಲು ಮೋಲ್‌ಗೆ ಸುಮಾರು 94 ಕಿಲೊಜೂಲ್ ಬೇಕು. ತರಂಗದೂರ ಹೆಚ್ಚಿದಷ್ಟೂ ಫೋಟಾನಿನ ಶಕ್ತಿ ಕಡಿಮೆ; ಅದು 850 ನ್ಯಾನೊಮೀಟರ್ ದಾಟಿದ ಮೇಲೆ, ಟ್ರಿಪ್ಲೆಟ್‌ಗೆ ಇಳಿಯುವಾಗಿನ ನಷ್ಟ ಕಳೆದರೆ ಅಷ್ಟು ಉಳಿಯುವುದು ಕಷ್ಟ. ಆ ಮಿತಿಯೊಳಗೇ ಉಳಿದು, ಕೆಂಪಿನಲ್ಲಿ ಹೆಚ್ಚು ಹೀರುವ ಅಣುಗಳನ್ನು ಹುಡುಕಿದ್ದಾರೆ: ಟೆಮೊಪೋರ್ಫಿನ್‌ಗೆ 652, ಕಣ್ಣಿನ ಚಿಕಿತ್ಸೆಯ ವರ್ಟೆಪೋರ್ಫಿನ್‌ಗೆ 689 ನ್ಯಾನೊಮೀಟರ್.

ಒಂದು ಎಚ್ಚರಿಕೆ: ಲೇಪ ಹಚ್ಚಿದ ಜಾಗವನ್ನು ಚಿಕಿತ್ಸೆಯ ನಂತರ ಸುಮಾರು ಎರಡು ದಿನ ಬಿಸಿಲಿನಿಂದ ಮುಚ್ಚಿಡಿ. ಹಗಲಿನ ಬೆಳಕಿನಲ್ಲೂ 410 ನ್ಯಾನೊಮೀಟರ್ ಇದೆ. ಅತಿನೇರಳೆಯನ್ನು ಮಾತ್ರ ತಡೆಯುವ ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ, ಬಟ್ಟೆಯೇ ಬೇಕು.